ಶಿವರಾತ್ರಿಗೆ ಮುಂಚೆ: ಹಳೆಯ ಕಾರನ್ನು ಕಲಬುರಗಿಯ ಬೇಸಿಗೆಗೆ ಅಣಿಗೊಳಿಸುವ ಬಗೆ

ಪ್ರೀಮಿಯರ್ ಪದ್ಮಿನಿ, ಅಂಬಾಸಡರ್ ಅಥವಾ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಮಾರುತಿ 800 ಕಾರನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: ಗಾಡಿಗೆ ಮೊದಲು ಏನು ಮಾಡಿಸಬೇಕು? ಕೆಲವರಿಗೆ ಅಲಾಯ್ ಚಕ್ರಗಳ ಆಸೆ, ಕೆಲವರಿಗೆ ಹೊಸ ಬಣ್ಣದ ಆಸೆ, ಇನ್ನು ಕೆಲವರಿಗೆ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಆಸೆ. ಎಲ್ಲರಿಗೂ ನಾನು ಕೊಡುವ ಉತ್ತರವೂ ಒಂದೇ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸಂದಣಿಯಲ್ಲಿ ಹತ್ತು ನಿಮಿಷ ಕುದಿಯದೆ ನಿಲ್ಲುವ ಮತ್ತು ಬ್ರೇಕ್ ತುಳಿದಾಗ ನೇರವಾಗಿ ನಿಲ್ಲುವ ಗಾಡಿಯನ್ನು ಮೊದಲು ಮಾಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ನಮ್ಮ ಭಾಗದಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಪ್ರತಿ ವರ್ಷದ ಮಾತು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೋಗುತ್ತದೆ ಎನ್ನುತ್ತಾರೆ. ಆದ್ದರಿಂದ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ವಾರಗಳೇ ಈ ಕೆಲಸಕ್ಕೆ ತಕ್ಕ ಕಾಲ. ಏಪ್ರಿಲ್‌ನಲ್ಲಿ ಗಾಡಿ ಕುದಿದ ಮೇಲೆ ಗ್ಯಾರೇಜಿಗೆ ಹೋದರೆ ಅಲ್ಲಿ ನಿಮ್ಮಂಥವರ ಸಾಲೇ ಇರುತ್ತದೆ, ಅವಸರದ ಕೆಲಸವೇ ನಡೆಯುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಸ್ಪ್ಯಾನರ್ ಮತ್ತು ಸಾಕೆಟ್‌ಗಳ ಒಂದು ಸೆಟ್, ಫೀಲರ್ ಗೇಜ್ (ಎರಡು ಭಾಗಗಳ ನಡುವಿನ ಕೂದಲೆಳೆಯಷ್ಟು ಸಂದನ್ನು ಅಳೆಯುವ ತೆಳು ಪಟ್ಟಿಗಳು), ಮಲ್ಟಿಮೀಟರ್, ಜ್ಯಾಕ್ ಮತ್ತು ಕನಿಷ್ಠ ಎರಡು ಗಟ್ಟಿ ಸ್ಟ್ಯಾಂಡ್‌ಗಳು, 200 ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್, ಒಂದು ನೋಟುಬುಕ್ಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ತೂರಬೇಡಿ. ಶಹಾಬಾದ್ ಕಲ್ಲು ಹಾಸಿದ ನುಣುಪು ಅಂಗಳದಲ್ಲಿ ಜ್ಯಾಕ್ ಜಾರುವುದು ಬಹಳ ಸುಲಭ. ಅದರ ಕೆಳಗೆ ದಪ್ಪ ಹಲಗೆಯೊಂದನ್ನು ಇಡಿ.

1. ಕಾಗದಪತ್ರ

ಗಾಡಿ ಕೊಳ್ಳುವ ಹಂತದಲ್ಲಿದ್ದರೆ, ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ನೀವೇ ಕಣ್ಣಾರೆ ತಾಳೆ ನೋಡಿ. ನಮ್ಮ ಮೂರೂ ಜಿಲ್ಲೆಗಳು ನೆರೆರಾಜ್ಯಕ್ಕೆ ಅಂಟಿಕೊಂಡಿರುವುದರಿಂದ ಹೈದರಾಬಾದ್ ಅಥವಾ ಸೊಲ್ಲಾಪುರದಲ್ಲಿ ಅಗ್ಗವಾಗಿ ಕಂಡ ಗಾಡಿಯನ್ನು ತಂದು, ಅದೇ ನಂಬರಿನಲ್ಲಿ ವರ್ಷಗಟ್ಟಲೆ ಓಡಿಸುವ ರೂಢಿ ಇದೆ. ಇದು ತಪ್ಪು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಈ ಖರ್ಚನ್ನು ಗಾಡಿಯ ಬೆಲೆಗೆ ಕೂಡಿಸಿ ನೋಡದೆ ಮುಂಗಡ ಕೊಡಬೇಡಿ.

ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ನಮೂನೆ 25ರ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳೊಳಗೆ ಕೊಡಬಹುದು. ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಲಾಯಿತು; 20 ವರ್ಷ ದಾಟಿದ ಗಾಡಿಗಳಿಗೆ ಆಮೇಲೆ ಇನ್ನೂ ಹೆಚ್ಚಾಗಿದೆ. ಹಸಿರು ತೆರಿಗೆ ಬೇರೆ. ತಡಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ. ತಪಾಸಣೆಗೆ ಗಾಡಿಯನ್ನು ಒಯ್ಯುವ ಮುನ್ನ ದೀಪಗಳು, ಹಾರ್ನ್, ಕೈಬ್ರೇಕ್, ವೈಪರ್‌ಗಳನ್ನು ನೋಡಿಕೊಳ್ಳಿ.

2. ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ

ಏನನ್ನೇ ಬಿಚ್ಚುವ ಮೊದಲು ಎಂಜಿನ್ನಿನ ಎಲ್ಲ ಮಗ್ಗುಲುಗಳ ಫೋಟೋ ತೆಗೆಯಿರಿ. ಯಾವ ವ್ಯಾಕ್ಯೂಮ್ ನಳಿಕೆ ಎಲ್ಲಿಗೆ ಹೋಗುತ್ತದೆ ಎಂಬುದು ಒಂದು ವಾರದ ನಂತರ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಬಲವಾಗಿ ಒತ್ತುತ್ತದೆ ಎಂಬುದನ್ನು ಪ್ಲಗ್ ಬಿಚ್ಚಿದ ಜಾಗದಲ್ಲಿ ಮಾಪಕ ಕೂರಿಸಿ ನೋಡುವ ಪರೀಕ್ಷೆ ಇದು. ಸಿಲಿಂಡರ್‌ಗಳ ನಡುವೆ ಹೆಚ್ಚು ವ್ಯತ್ಯಾಸ ಇರಬಾರದು. ಒಂದರಲ್ಲಿ ಮಾತ್ರ ಒತ್ತಡ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ; ಏರದಿದ್ದರೆ ದೋಷ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಪದರ) ಇದೆ. ಈ ಫಲಿತಾಂಶ ತಿಳಿಯದೆ ಬಣ್ಣಕ್ಕೆ ಹಣ ಸುರಿದವರು, ಮೂರು ತಿಂಗಳಲ್ಲಿ ಎಂಜಿನ್ ಇಳಿಸುವಾಗ ಅದೇ ಬಣ್ಣಕ್ಕೆ ಗೀರು ಬೀಳುವುದನ್ನು ನೋಡಬೇಕಾಗುತ್ತದೆ.

3. ಎಂಜಿನ್ ತಂಪಾಗಿಸುವ ವ್ಯವಸ್ಥೆ

ಈ ಲೇಖನದ ಮುಖ್ಯ ಭಾಗ ಇದು. ದಯವಿಟ್ಟು ನಿಧಾನವಾಗಿ ಓದಿ.

ಶಹಾಬಾದ್, ವಾಡಿ, ಸೇಡಂ ಪ್ರದೇಶದ ನೆಲವೆಲ್ಲ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಯೂರಿರುವುದೂ ಅದಕ್ಕೇ. ಆ ನೆಲದ ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ನೀರು ಕಾದಾಗ ಗಟ್ಟಿಯಾಗಿ ಪಾತ್ರೆಗೆ ಅಂಟುತ್ತದೆ. ನಿಮ್ಮ ಮನೆಯ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಹೊಪ್ಪಳಿಕೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ ಬ್ಲಾಕಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಅದು ಶಾಖವನ್ನು ಹಾಯಗೊಡುವುದಿಲ್ಲ. ಆದ್ದರಿಂದ ಮೊದಲ ನಿಯಮ: ರೇಡಿಯೇಟರಿಗೆ ಬೋರಿನ ನೀರು ಬೇಡವೇ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎಲ್ಲೆಡೆ ಸಿಗುತ್ತದೆ, ಅದನ್ನೇ ಬಳಸಿ.

ಕೆಲಸದ ಕ್ರಮ ಹೀಗಿರಲಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಕೆಳಗಿನ ನಲ್ಲಿಯನ್ನೂ ಬ್ಲಾಕಿನ ಬಿರಡೆಯನ್ನೂ ಬಿಚ್ಚಿ ನೀರನ್ನು ಹರಿಬಿಡಿ. ಹೀಟರ್ ಇರುವ ಗಾಡಿಯಾದರೆ ಅದರ ನಿಯಂತ್ರಣವನ್ನು ಬಿಸಿಯ ಕಡೆಗೆ ತಿರುಗಿಸಿರಿ, ಇಲ್ಲದಿದ್ದರೆ ಹೀಟರಿನೊಳಗಿನ ಹಳೆಯ ನೀರು ಅಲ್ಲೇ ಉಳಿಯುತ್ತದೆ. ಹೊರಬಂದ ನೀರು ತುಕ್ಕಿನ ಬಣ್ಣದ್ದಾಗಿದ್ದರೆ, ರೇಡಿಯೇಟರನ್ನು ಇಳಿಸಿ, ನೀರನ್ನು ಕೆಳಗಿನ ತುದಿಯಿಂದ ಮೇಲಕ್ಕೆ, ಅಂದರೆ ಸಹಜ ಹರಿವಿಗೆ ವಿರುದ್ಧವಾಗಿ, ಹಾಯಿಸಿ ತೊಳೆಯಿರಿ. ಆಗಲೂ ಹರಿವು ಸಣ್ಣದಾಗಿಯೇ ಇದ್ದರೆ, ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ತೊಟ್ಟಿಗಳನ್ನು ಬಿಚ್ಚಿಸಿ, ಕೊಳವೆಗಳಲ್ಲಿ ತೆಳು ಸರಳು ಹಾಯಿಸಿ ಶುಚಿಗೊಳಿಸಿ ಮತ್ತೆ ಬೆಸೆಯಿಸಬೇಕು. ರೇಡಿಯೇಟರ್ ಅಂಗಡಿಯವರು ಇದನ್ನು ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಹಳೆಯ ಹಿತ್ತಾಳೆ ರೇಡಿಯೇಟರನ್ನು ಕೊಟ್ಟು ಅಗ್ಗದ ಅಲ್ಯೂಮಿನಿಯಂ ಒಂದನ್ನು ತರಬೇಡಿ. ಹಿತ್ತಾಳೆಯದನ್ನು ಎಷ್ಟು ಸಲವಾದರೂ ಬೆಸೆಯಬಹುದು.

ಈಗ ಥರ್ಮೋಸ್ಟಾಟ್. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ದಾರಿಯನ್ನು ಮುಚ್ಚಿ, ಬಿಸಿಯಾದ ಮೇಲೆ ತಾನಾಗಿ ತೆರೆಯುವ ಕವಾಟ ಇದು. ‘ನಮ್ಮ ಬಿಸಿಲಿಗೆ ವಾಲ್ವ್ ಬೇಡ, ತೆಗೆದುಬಿಡಿ’ ಎಂಬ ಸಲಹೆಯನ್ನು ನೀವು ಗ್ಯಾರೇಜುಗಳಲ್ಲಿ ಖಂಡಿತ ಕೇಳುತ್ತೀರಿ. ಕೇಳಬೇಡಿ. ಅದಿಲ್ಲದೆ ಎಂಜಿನ್ ಡಿಸೆಂಬರ್ ಬೆಳಗಿನಲ್ಲಿ ಬಹಳ ಹೊತ್ತು ತಣ್ಣಗೇ ಓಡಿ, ಸುಡದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ, ರಿಂಗುಗಳು ಬೇಗ ಸವೆಯುತ್ತವೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಒಳದಾರಿಯೊಂದನ್ನು ಮುಚ್ಚುತ್ತದೆ. ಅದು ಇಲ್ಲವಾದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತಿ, ಬೇಸಿಗೆಯಲ್ಲಿ ಗಾಡಿ ಇನ್ನಷ್ಟು ಕುದಿಯುತ್ತದೆ. ಥರ್ಮೋಸ್ಟಾಟನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು: ಪಾತ್ರೆಯ ನೀರಿನಲ್ಲಿ ಅದನ್ನು ತಳ ಮುಟ್ಟದಂತೆ ದಾರದಿಂದ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಎಂದು ಅಚ್ಚಾಗಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದನ್ನು ಹಾಕಿ. ಪಾತ್ರೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಹಳಷ್ಟು ತೊಂದರೆ ಇರುವುದು ಅಲ್ಲೇ. ಅದು ಬರೀ ಮುಚ್ಚಳವಲ್ಲ, ಒತ್ತಡ ಹಿಡಿದಿಡುವ ಕವಾಟ. ಪ್ರೆಶರ್ ಕುಕ್ಕರಿನಲ್ಲಿ ನೀರು 100 ಡಿಗ್ರಿಗಿಂತ ಮೇಲೆ ಕುದಿಯುವಂತೆಯೇ, 0.9 ಎಂದು ಗುರುತಿರುವ ಮುಚ್ಚಳ ಸರಿಯಾಗಿ ಕೂತಿದ್ದರೆ ರೇಡಿಯೇಟರಿನ ನೀರು ಸುಮಾರು 119 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅದರ ರಬ್ಬರ್ ಸೀಳಿದ್ದರೆ ಈ ಹೆಚ್ಚುವರಿ ರಕ್ಷಣೆ ಪೂರ್ತಿ ಹೋಯಿತು. ನಿಮ್ಮ ಗಾಡಿಗೆ ಕಂಪನಿ ಹೇಳಿದ ಅಂಕಿಯ ಮುಚ್ಚಳವನ್ನೇ ಹಾಕಿ. ಹೆಚ್ಚು ಒತ್ತಡದ್ದನ್ನು ಹಾಕಿದರೆ ಹಳೆಯ ಬೆಸುಗೆಯೋ ಹೋಸ್ ಪೈಪೋ ಬಿಡುತ್ತದೆ.

ಹೋಸ್ ಪೈಪುಗಳನ್ನು ಒತ್ತಿ ನೋಡಿ. ಒಣಗಿ ಬಿರುಕು ಬಿಟ್ಟದ್ದು, ಉಬ್ಬಿದ್ದು, ಮೆತ್ತಗಾದದ್ದು ಯಾವುದೂ ಇರಬಾರದು. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ವೇಗದಲ್ಲಿ ಪಂಪಿನ ಎಳೆತಕ್ಕೆ ಅದು ಒಳಕ್ಕೆ ಚಪ್ಪಟೆಯಾಗಿ ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ, ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಮತ್ತೆ ಮೊದಲಿನಂತೆ ಉಬ್ಬಿರುತ್ತದೆ. ವಾಟರ್ ಪಂಪಿನ ಕೆಳಗೆ ನೀರಿನ ಕಲೆ ಕಂಡರೆ ಅಥವಾ ಫ್ಯಾನನ್ನು ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಪಂಪಿನ ಬೇರಿಂಗ್ ಹೋಗಿದೆ.

ಕೂಲೆಂಟ್ ಎಂದರೆ ತುಕ್ಕು ತಡೆಯುವ ರಾಸಾಯನಿಕಗಳು ಬೆರೆತ ಗ್ಲೈಕಾಲ್ ದ್ರವ. ನೀರಿಲ್ಲದೆ ಅದನ್ನೊಂದನ್ನೇ ತುಂಬಿದರೆ ಗಾಡಿ ಹೆಚ್ಚು ತಂಪಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಶಾಖವನ್ನು ಹೊತ್ತೊಯ್ಯುವ ಶಕ್ತಿ ನೀರಿಗೇ ಹೆಚ್ಚು; ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವೂ ಇಲ್ಲ. ಆದ್ದರಿಂದ ಒಂದು ಪಾಲು ಕೂಲೆಂಟ್ ಸಾರಕ್ಕೆ ಎರಡು ಪಾಲು ಡಿಸ್ಟಿಲ್ಡ್ ವಾಟರ್ ಸಾಕು. ಬೆರೆಸಿಯೇ ಮಾರುವ ಡಬ್ಬಿಯಾದರೆ ಮತ್ತೆ ನೀರು ಬೆರೆಸಬೇಡಿ. ಬೇರೆ ಬೇರೆ ಬಗೆಯ ಕೂಲೆಂಟ್‌ಗಳನ್ನು ಒಂದಕ್ಕೊಂದು ಸೇರಿಸಬೇಡಿ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ತುಂಬುವಾಗ ಮುಚ್ಚಳ ತೆರೆದಿಟ್ಟು, ಹೀಟರ್ ತೆರೆದು ಎಂಜಿನ್ ಚಾಲೂ ಮಾಡಿ. ಮೇಲಿನ ಹೋಸ್ ಬಿಸಿಯಾಗುವವರೆಗೆ, ಅಂದರೆ ಥರ್ಮೋಸ್ಟಾಟ್ ತೆರೆಯುವವರೆಗೆ, ಗುಳ್ಳೆಗಳು ಹೊರಬಂದು ಮಟ್ಟ ಇಳಿಯುತ್ತಾ ಹೋಗುತ್ತದೆ, ತುಂಬುತ್ತಿರಿ. ಆಮೇಲೂ ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ ಮತ್ತು ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಲೇಪ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಶಂಕಿಸಬೇಕು.

ಇನ್ನು ಗಾಳಿಯ ವಿಷಯ. ರೇಡಿಯೇಟರಿನ ಮುಖದಲ್ಲಿ ಸಿಮೆಂಟ್ ಧೂಳು, ಎರೆಮಣ್ಣು, ತೊಗರಿ ರಾಶಿಯ ಕಾಲದ ಹೊಟ್ಟು ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆಯ ನೀರಿನಿಂದ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಜೋರು ಪಂಪ್ ರೆಕ್ಕೆಗಳನ್ನು ಮಡಚಿಬಿಡುತ್ತದೆ. ಫ್ಯಾನಿನ ಸುತ್ತಲಿನ ಆವರಣ, ಅಂದರೆ ಶ್ರೌಡ್, ಕಳೆದುಹೋಗಿದ್ದರೆ ತಗಡಿನದಾದರೂ ಮಾಡಿಸಿ ಹಾಕಿ. ಅದಿಲ್ಲದೆ ಫ್ಯಾನ್ ಅಕ್ಕಪಕ್ಕದ ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಮಾರುತಿ 800ರಲ್ಲಿ ಫ್ಯಾನ್ ವಿದ್ಯುತ್ತಿನದು, ಒಂದು ಶಾಖದ ಸ್ವಿಚ್ ಅದನ್ನು ನಡೆಸುತ್ತದೆ. ಸ್ವಿಚ್ ಕೆಟ್ಟಾಗ ಫ್ಯಾನನ್ನು ‘ಡೈರೆಕ್ಟ್’ ಮಾಡಿಕೊಡುವುದು ನಮ್ಮಲ್ಲಿ ಸಾಮಾನ್ಯ. ದಾರಿಯಲ್ಲಿ ಊರು ಸೇರಲು ಅದು ಸರಿ, ಶಾಶ್ವತ ಪರಿಹಾರವಾಗಿ ಸಲ್ಲದು.

ಎಲ್ಲ ಆದ ಮೇಲೂ ಕುದಿದರೆ, ಯಾವಾಗ ಕುದಿಯುತ್ತದೆ ಎಂಬುದನ್ನು ಗಮನಿಸಿ. ನಿಂತಾಗ ಕುದಿದು, ಓಡುವಾಗ ಸರಿಹೋಗುತ್ತಿದ್ದರೆ ದೋಷ ಫ್ಯಾನ್, ಬೆಲ್ಟ್, ಶ್ರೌಡಿನಲ್ಲಿ. ಓಡುವಾಗ ಕುದಿದು, ನಿಂತಾಗ ಇಳಿಯುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಸವೆದ ಪಂಪ್, ಚಪ್ಪಟೆಯಾಗುವ ಕೆಳಹೋಸ್, ತಪ್ಪಾದ ಇಗ್ನಿಶನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ) ಇವುಗಳಲ್ಲಿ ಒಂದು. ಈ ಒಂದು ಭೇದವನ್ನು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ದಿನವೂ ನಿಮ್ಮ ಅರ್ಧ ಹಣವೂ ಉಳಿಯುತ್ತವೆ.

4. ಪೆಟ್ರೋಲಿನ ದಾರಿ

ಈಗ ಬಂಕುಗಳಲ್ಲಿ ಸಿಗುತ್ತಿರುವುದು ಇ20, ಅಂದರೆ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮ ಹಳೆಯ ಗಾಡಿಗಳನ್ನು ಇದಕ್ಕಾಗಿ ಮಾಡಿರಲಿಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಸೀಳಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ಎಲ್ಲ ರಬ್ಬರ್ ಪೈಪುಗಳನ್ನೂ ಎಥೆನಾಲ್ ತಾಳುವ ಬಗೆಯವಕ್ಕೆ ಬದಲಿಸಿ. ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ರಬ್ಬರ್ ಪದರ) ಮತ್ತು ಕಾರ್ಬುರೇಟರಿನ ಗ್ಯಾಸ್ಕೆಟ್‌ಗಳನ್ನು ಹೊಸದಾಗಿ ಹಾಕಿಸಿ. ಈ ಖರ್ಚಿನಲ್ಲಿ ಚೌಕಾಸಿ ಮಾಡಬೇಡಿ. ಬಿಸಿ ಎಂಜಿನ್ನಿನ ಮೇಲೆ ಸೋರುವ ಪೆಟ್ರೋಲ್ ಎಂದರೆ ಬೆಂಕಿ.

ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬುರೇಟರಿನ ಮಿಶ್ರಣ ತುಸು ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಸಾಲದಾಗುತ್ತದೆ, ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಗಾಡಿ ಎಳೆಯುವಾಗ ಮುಗ್ಗರಿಸಿದರೆ, ಪ್ಲಗ್ಗಿನ ತುದಿ ಕಂದಿನ ಬದಲು ಬೂದಿಬಿಳುಪಾಗಿ ಕಂಡರೆ, ಮುಖ್ಯ ಜೆಟ್ಟನ್ನು (ಪೆಟ್ರೋಲ್ ಹಾಯುವ ಅಳತೆಯ ತೂತು) ಒಂದು ಅಳತೆ ದೊಡ್ಡದಕ್ಕೆ ಬದಲಿಸಬೇಕಾಗಬಹುದು. ತೂತನ್ನು ತಂತಿಯಿಂದ ಕೊರೆದು ಹಿಗ್ಗಿಸಬೇಡಿ.

ಬೇಸಿಗೆಯ ಇನ್ನೊಂದು ತೊಂದರೆ ವೇಪರ್ ಲಾಕ್. ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ, ಪಂಪ್ ಆವಿಯನ್ನು ಎಳೆಯಲಾರದೆ ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಹಳಬರ ಉಪಾಯ, ಅದು ಈಗಲೂ ಕೆಲಸ ಮಾಡುತ್ತದೆ. ಸೈಲೆನ್ಸರ್ ಪೈಪಿನಿಂದ ಪೆಟ್ರೋಲ್ ಪೈಪನ್ನು ದೂರ ಸರಿಸಿ, ನಡುವೆ ಒಂದು ತಗಡಿನ ಮರೆ ಕೊಡುವುದು ಖಾಯಂ ಪರಿಹಾರ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

5. ಬ್ರೇಕ್ ಮತ್ತು ಟೈರ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ, ಬಿಸಿಯಾದಾಗ ಒಳಗೇ ಕುದಿಯುತ್ತದೆ, ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ವೀಲ್ ಸಿಲಿಂಡರಿನ (ಚಕ್ರದ ಬಳಿ ಬ್ರೇಕನ್ನು ಒತ್ತುವ ಭಾಗ) ರಬ್ಬರ್ ಬಟ್ಟಲುಗಳನ್ನು ಪೆಟ್ರೋಲ್, ಸೀಮೆಎಣ್ಣೆ ಅಥವಾ ಎಂಜಿನ್ ಆಯಿಲ್‌ನಿಂದ ಎಂದೂ ತೊಳೆಯಬೇಡಿ. ಅವು ಉಬ್ಬಿ, ಬ್ರೇಕ್ ಹಿಡಿದುಕೊಳ್ಳುತ್ತದೆ. ತೊಳೆಯಲು ಹೊಸ ಬ್ರೇಕ್ ಆಯಿಲನ್ನೇ ಬಳಸಿ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳ ಗುರುತು ಇರುತ್ತದೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹವ್ಯಾಸದ ಗಾಡಿ ಕಡಿಮೆ ಓಡುವುದರಿಂದ ಟೈರಿನ ಗುಂಡಿಗಳು ಹೊಸದರಂತೆಯೇ ಕಾಣುತ್ತವೆ, ರಬ್ಬರ್ ಮಾತ್ರ ಒಣ ಬಿಸಿಲಿಗೆ ಮುದಿಯಾಗಿರುತ್ತದೆ. ಗೋಡೆಯಲ್ಲಿ ಸಣ್ಣ ಸೀಳುಗಳು ಕಂಡರೆ ಸ್ಟೆಪ್ನಿಯನ್ನೂ ಸೇರಿಸಿ ಬದಲಿಸಿ.

6. ವಿದ್ಯುತ್ತು, ಆಯಿಲ್

ಬ್ಯಾಟರಿಯಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ಥ್ ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಬಿಗಿಗೊಳಿಸಿ. ಅರ್ಧದಷ್ಟು ವಿದ್ಯುತ್ ದೋಷಗಳು ಅಲ್ಲೇ ಮುಗಿಯುತ್ತವೆ. ಹಳೆಯ ಗಾಡಿಯ ಹೆಡ್‌ಲೈಟ್ ಮಂಕಾಗಿರಲು ಕಾರಣ ಬಲ್ಬಲ್ಲ, ಸವೆದ ಸ್ವಿಚ್ಚಿನ ಮೂಲಕ ಹಾದುಬರುವ ತೆಳು ವೈರ್. 60 ವಾಟಿನ ಎರಡು ಬಲ್ಬುಗಳಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಫ್ಯೂಸ್ ಮತ್ತು ರಿಲೇ (ಸಣ್ಣ ವಿದ್ಯುತ್ತಿನ ಸನ್ನೆಗೆ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್) ಹಾಕಿದರೆ ಅದೇ ಬಲ್ಬ್ ಚೆನ್ನಾಗಿ ಬೆಳಗುತ್ತದೆ. ನಾನು ಎಲ್ಲರಿಗೂ ಒತ್ತಿ ಹೇಳುವ ಮೊದಲ ಮಾರ್ಪಾಡು ಇದೇ.

ಪದ್ಮಿನಿ, ಅಂಬಾಸಡರ್ ಎಂಜಿನ್‌ಗಳಿಗೆ ನಮ್ಮ ಬೇಸಿಗೆಯಲ್ಲಿ 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್ ಒಪ್ಪುತ್ತದೆ. ಹೊಸ ಕಾರುಗಳ ತೆಳು ಆಯಿಲ್ ಬೇಡ.

7. ಮಾರ್ಪಾಡು: ಏನು ಸಲ್ಲುತ್ತದೆ, ಏನು ಸಲ್ಲದು

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅನಧಿಕೃತ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಬಣ್ಣ ಬದಲಿಸುವುದಾದರೆ ಆರ್‌ಟಿಓ ಕಚೇರಿಗೆ ತಿಳಿಸಿ ನೋಂದಣಿ ಪತ್ರದಲ್ಲಿ ಬರೆಸಿಕೊಳ್ಳಿ. ಚಾಸಿ ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು, ಸೈಲೆನ್ಸರ್ ಕಳಚುವುದು, ಬಗೆಬಗೆಯ ರಾಗದ ಹಾರ್ನ್ ಹಾಕುವುದು ಬೇಡ. ರಿಲೇ, ಎಥೆನಾಲ್ ತಾಳುವ ಪೈಪು, ಕಿಡಿಗಾಗಿ ವಿದ್ಯುತ್ತನ್ನು ಕಡಿದು ಜೋಡಿಸುವ ಹಳೆಯ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಶನ್, ಒಳ್ಳೆಯ ಸೀಟ್ ಬೆಲ್ಟ್ ಇವು ಗಾಡಿಯ ಗುರುತನ್ನು ಕೆಡಿಸದೆ ಅದರ ಆಯುಸ್ಸನ್ನು ಹೆಚ್ಚಿಸುವ ಕೆಲಸಗಳು.

ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೆ ನಿಂತಿತು. ಅಂಬಾಸಡರ್ ಮತ್ತು ಮಾರುತಿ 800 ಎರಡೂ 2014ರಲ್ಲಿ ನಿಂತವು. ಬಿಡಿಭಾಗ ಕಲಬುರಗಿಯಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜಿನಲ್ಲಿ ಹುಡುಕಿ. ಹಳೆಯ ಭಾಗವನ್ನು ಕೈಯಲ್ಲೇ ಹಿಡಿದು ಹೋಗಿ. ಫೋಟೋ ತೋರಿಸಿ ತಂದದ್ದು ಹೊಂದದೆ ಮರಳಿ ಹೋಗಬೇಕಾದ ಪ್ರಸಂಗಗಳು ಹಲವು.

8. ಪರೀಕ್ಷೆಯ ಓಟ

ಮೊದಲ ದಿನ ಬೆಳಿಗ್ಗೆ ರಿಂಗ್ ರೋಡ್ ಒಂದು ಸುತ್ತು ಹಾಕಿ, ಗಾಡಿ ತಣ್ಣಗಾದ ಮೇಲೆ ಎಲ್ಲ ಮಟ್ಟಗಳನ್ನು ನೋಡಿ. ಎರಡನೆಯ ಸಲ ಶಹಾಬಾದ್‌ವರೆಗೆ ಹೋಗಿ ಬನ್ನಿ. ಮೂರನೆಯ ಸಲ ಮಧ್ಯಾಹ್ನ ಪೇಟೆಯ ಸಂದಣಿಯಲ್ಲಿ ನಿಧಾನವಾಗಿ ಓಡಿಸಿ. ನಿಜವಾದ ಪರೀಕ್ಷೆ ಅದೇ. ಈ ಮೂರರಲ್ಲೂ ಸೂಜಿ ಅದೇ ಜಾಗದಲ್ಲಿ ನಿಂತರೆ ಹುಮನಾಬಾದ್ ದಾರಿಯಲ್ಲಿ ಬೀದರ್‌ಗೆ ಹೊರಡಬಹುದು.

ದಾರಿಯಲ್ಲಿ ಸೂಜಿ ಏರಿದರೆ ಮೊದಲು ಹೀಟರನ್ನು ಪೂರ್ತಿ ತೆರೆಯಿರಿ. ಒಳಗೆ ಸೆಕೆಯಾದರೂ ಅದು ಎರಡನೆಯ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ಸೂಜಿ ಇಳಿಯದಿದ್ದರೆ ಬೇವಿನ ನೆರಳು ಕಂಡಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಬೋನೆಟ್ ತೆರೆಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನು ಮುಟ್ಟಲೇಬೇಡಿ. ಚಿಮ್ಮುವ ಆವಿ ಮುಖ, ಕೈಗಳನ್ನು ಸುಡುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು, ಆದ್ದರಿಂದ ಡಿಕ್ಕಿಯಲ್ಲಿ ಇಟ್ಟುಕೊಂಡ ಐದು ಲೀಟರ್ ಡಿಸ್ಟಿಲ್ಡ್ ವಾಟರನ್ನು ಎಂಜಿನ್ ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಎಷ್ಟು ನೀರು ಹಿಡಿಯಿತು, ಓಡುವಾಗ ಏರಿತೋ ನಿಂತಾಗ ಏರಿತೋ ಎಂಬುದನ್ನು ಅಲ್ಲೇ ನೋಟುಬುಕ್ಕಿನಲ್ಲಿ ಬರೆದುಕೊಂಡು, ಊರಿಗೆ ಮರಳಿದ ಮೇಲೆ ಮೂರನೆಯ ಹಂತದಿಂದ ಮತ್ತೆ ಆರಂಭಿಸಿ.